ಪರಿಚಯ ಮಾಡಿಸುವುದು ಬೇರೆ, ಕೆಲಸ ಒಪ್ಪಿಸುವುದು ಬೇರೆ

‘ಸಾರ್, ಲಂಡನ್ನಿನಲ್ಲಿ ಫ್ಯಾಮಿಲಿ ಮ್ಯಾಟರ್ ನೋಡೋರು ಯಾರಾದ್ರೂ ಗೊತ್ತಾ? ಸ್ವಲ್ಪ ಅರ್ಜೆಂಟು.’ ಸಂಜೆ ಕೋರ್ಟು ಮುಗಿದು ಎಲ್ಲರೂ ಆಫೀಸಿಗೆ ಮರಳುವ ಹೊತ್ತಿಗೆ ಬೆಂಗಳೂರಿನ ವಕೀಲರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥದೊಂದು ಸಂದೇಶ ಬೀಳುವುದು ಈಗ ಸಾಮಾನ್ಯ. ಅರ್ಧ ಗಂಟೆಯೊಳಗೆ ಎರಡು ಮೂರು ಹೆಸರು, ಫೋನ್ ನಂಬರು, ‘ನನ್ನ ಹೆಸರು ಹೇಳಿ’ ಎಂಬ ಭರವಸೆ ಬಂದಿರುತ್ತವೆ. ಇದೇ ಪ್ರಶ್ನೆ ಲಂಡನ್ನಿನ ಸಾಲಿಸಿಟರ್ (ಕಕ್ಷಿದಾರರ ಕಡತ ನೋಡಿಕೊಳ್ಳುವ ಅಲ್ಲಿನ ವಕೀಲರು) ಕಚೇರಿಯಿಂದ ಬೆಂಗಳೂರಿಗೆ ಹೊರಟರೆ ಅದರ ರೂಪವೇ ಬೇರೆ. ಒಂದು ಇಮೇಲ್. ಅದರಲ್ಲಿ ಎರಡೂ ಪಕ್ಷದವರ ಹೆಸರು, ವ್ಯಾಜ್ಯ ಯಾವ ಬಗೆಯದು ಎಂಬ ಒಂದು ಸಾಲು, ಇವರಲ್ಲಿ ಯಾರ ಪರವಾಗಿಯಾದರೂ ನೀವು ಹಿಂದೆ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆ. ಯಾರು ಯಾರಿಗೆ ಏನು ಮಾಡಿದರು ಎಂಬ ಕಥೆ ಅಲ್ಲಿ ಇರುವುದಿಲ್ಲ.

ಎರಡೂ ಊರಿನ ರೀತಿ ಬಲ್ಲ ಹೊರನಾಡ ಕನ್ನಡಿಗನಾಗಿ ನನ್ನ ಅನಿಸಿಕೆ ಇಷ್ಟು. ಸರಿಯಾದ ಆಳನ್ನು ಹುಡುಕುವುದರಲ್ಲಿ ಬೆಂಗಳೂರು ಬಹಳ ಗಟ್ಟಿ. ಹುಡುಕಿದ ಮೇಲೆ ಕೆಲಸವನ್ನು ಕೈಯಿಂದ ಕೈಗೆ ದಾಟಿಸುವುದರಲ್ಲಿ ನಾವು ತೀರಾ ಸಡಿಲ. ನಮ್ಮಲ್ಲಿ ಪರಿಚಯ ಮಾಡಿಸಿದ ಕ್ಷಣಕ್ಕೇ ಕೆಲಸವನ್ನೂ ಒಪ್ಪಿಸಿದಂತೆ ಆಗಿಬಿಡುತ್ತದೆ. ಫೀಸು ಯಾರು ಕೊಡಬೇಕು, ಕೆಲಸ ಎಲ್ಲಿಂದ ಎಲ್ಲಿವರೆಗೆ, ಕಡತ ಯಾರ ಬಳಿ ಇರಬೇಕು ಎಂಬ ಮಾತು ಮೂರು ತಿಂಗಳ ಮೇಲೆ, ಮನಸ್ಸು ಕೆಟ್ಟ ಮೇಲೆ ಬರುತ್ತದೆ. ಈ ಸಡಿಲಿನಿಂದ ಪೆಟ್ಟು ತಿನ್ನುವವರು ವಕೀಲರಿಗಿಂತ ಹೆಚ್ಚಾಗಿ ಕಕ್ಷಿದಾರರು. ಹಾಗಾಗಿ ಇದನ್ನು ಬರೆಯಬೇಕೆನಿಸಿತು.

ಬೆಂಗಳೂರಿನಲ್ಲಿ ಈ ಕೆಲಸ ಇಷ್ಟು ಬೆಳೆದದ್ದಕ್ಕೆ ಕಾರಣ ಕಣ್ಣೆದುರೇ ಇದೆ. ಗಂಡ ನ್ಯೂಜೆರ್ಸಿಯಲ್ಲಿ, ಹೆಂಡತಿ ಬಸವನಗುಡಿಯಲ್ಲಿ, ಮಗು ಯಾರ ಬಳಿ ಇರಬೇಕೆಂಬ ಅರ್ಜಿ ಫ್ಯಾಮಿಲಿ ಕೋರ್ಟಿನಲ್ಲಿ. ಅಪ್ಪ ಕಟ್ಟಿಸಿದ ಜಯನಗರದ ಮನೆಯ ವಿಭಾಗಕ್ಕೆ ಮೂವರು ಮಕ್ಕಳು ಮೂರು ದೇಶದಿಂದ ಸಹಿ ಹಾಕಬೇಕು. ಸಾಫ್ಟ್‌ವೇರ್ ಕಂಪನಿಗಳ ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಜಾಗ ಸಿಂಗಪುರ ಎಂದಿರುತ್ತದೆ, ಆಸ್ತಿ ಮಾತ್ರ ವೈಟ್‌ಫೀಲ್ಡಿನಲ್ಲಿ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಿಂದ ಹೊರಬಿದ್ದವರು ಲಂಡನ್, ಸಿಂಗಪುರ, ನ್ಯೂಯಾರ್ಕುಗಳಲ್ಲಿ ಹರಡಿಕೊಂಡಿದ್ದಾರೆ. ಹೀಗಾಗಿ ಕೇಳುವವರೂ ಇದ್ದಾರೆ, ಹೇಳುವವರೂ ಇದ್ದಾರೆ.

ಮೊದಲು ಕೇಳುವ ಬಗೆಯನ್ನೇ ನೋಡೋಣ. ಗುಂಪಿನಲ್ಲಿ ದಾವಾ ಪತ್ರದ ಪಿಡಿಎಫ್ ಹಾಕಿ ‘ಇದನ್ನು ನೋಡಿ ಯಾರಾದರೂ ಸಲಹೆ ಕೊಡಿ’ ಎನ್ನುವ ಅಭ್ಯಾಸ ಮೊದಲು ನಿಲ್ಲಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ರಕ್ಷಣೆ ಕೊಡುವುದು ಕಕ್ಷಿದಾರನಿಗೂ ಅವನ ವಕೀಲನಿಗೂ ನಡುವೆ ನಡೆದ ಮಾತಿಗೆ. ಕಕ್ಷಿದಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಅದನ್ನು ಹೊರಗೆ ಹೇಳುವಂತಿಲ್ಲ. ನೂರಾರು ಜನರ ಗುಂಪಿಗೆ ಹಾಕಿದ ಮೇಲೆ ಅದು ಗೌಪ್ಯ ಮಾತುಕತೆ ಎಂದು ವಾದಿಸುವುದು ಕಷ್ಟ. ಎದುರಾಳಿಯ ವಕೀಲರೂ ಅದೇ ಗುಂಪಿನಲ್ಲಿ ಇರಬಹುದು.

ಇನ್ನೊಂದು ಅಪಾಯ ಸ್ವೀಕರಿಸುವವರ ಕಡೆಯದು. ಇಂಗ್ಲೆಂಡಿನ ಸಾಲಿಸಿಟರ್ ಒಬ್ಬರಿಗೆ ಹೆಂಡತಿಯ ಕಡೆಯ ಗುಟ್ಟು ತಿಳಿದುಬಿಟ್ಟರೆ, ಮರುದಿನ ಗಂಡ ಅದೇ ಕಚೇರಿಗೆ ಬಂದಾಗ ಆ ಕಚೇರಿ ಕೆಲಸವನ್ನೇ ಬಿಡಬೇಕಾಗಬಹುದು. ಒಬ್ಬ ಕಕ್ಷಿದಾರನ ಗುಟ್ಟು ಕಾಯುವುದು ಮತ್ತು ಇನ್ನೊಬ್ಬನಿಗೆ ಉಪಯೋಗವಾಗುವ ಮಾಹಿತಿಯನ್ನು ಅವನಿಗೆ ತಿಳಿಸುವುದು ಎರಡೂ ಅಲ್ಲಿ ಕಡ್ಡಾಯ. ಎರಡೂ ಒಂದೇ ಕಚೇರಿಯೊಳಗೆ ಎದುರುಬದುರಾದರೆ ದಾರಿ ಬಹಳ ಕಿರಿದು. ಹಾಗಾಗಿ ಕೇಳದೆ ಕಳಿಸಿದ ಕಡತ ಅವರಿಗೆ ಉಪಕಾರವಲ್ಲ, ತೊಂದರೆ. ಅವರು ತಣ್ಣಗೆ ಉತ್ತರಿಸುವುದನ್ನು ನಮ್ಮವರು ಸೊಕ್ಕು ಎಂದುಕೊಳ್ಳುತ್ತಾರೆ. ಅದು ಸೊಕ್ಕಲ್ಲ.

ಮೊದಲ ಸಂದೇಶದಲ್ಲಿ ಇರಬೇಕಾದ್ದು ಐದೇ ಸಂಗತಿ: ಯಾವ ದೇಶ, ಅದರಲ್ಲೂ ಯಾವ ರಾಜ್ಯ ಅಥವಾ ಯಾವ ಎಮಿರೇಟ್, ಯಾವ ಬಗೆಯ ಕೆಲಸ, ಮುಂದಿನ ವಾಯಿದೆ ಅಥವಾ ಕಾಲಮಿತಿ ಯಾವತ್ತು, ಬೇಕಿರುವುದು ಕೋರ್ಟಿನಲ್ಲಿ ನಿಲ್ಲುವವರೋ, ಬರೀ ಅಭಿಪ್ರಾಯ ಕೊಡುವವರೋ, ಕಕ್ಷಿದಾರ ವ್ಯಕ್ತಿಯೋ ಕಂಪನಿಯೋ. ಹೆಸರುಗಳು ಎರಡನೇ ಸಂದೇಶಕ್ಕೆ, ಅದೂ ಒಬ್ಬರಿಗೆ ಮಾತ್ರ, ಕಕ್ಷಿದಾರನನ್ನು ಕೇಳಿದ ಮೇಲೆ. ‘ಅಮೆರಿಕದಲ್ಲಿ ಯಾರಾದರೂ’ ಎಂದು ಕೇಳುವುದಂತೂ ‘ಭಾರತದಲ್ಲಿ ಯಾರಾದರೂ’ ಎಂದ ಹಾಗೆ. ಅಲ್ಲಿ ವಿಚ್ಛೇದನದ ಕಾನೂನೂ ವಕೀಲಿ ಪರವಾನಗಿಯೂ ರಾಜ್ಯಕ್ಕೊಂದು. ಟೆಕ್ಸಾಸಿನವರು ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಸುಮ್ಮನೆ ಹೋಗಿ ನಿಲ್ಲಲಾರರು.

ಹೆಸರಿನ ವಿಷಯದಲ್ಲಿ ನಮಗೊಂದು ವಿಶೇಷ ತೊಡಕಿದೆ. ನಮ್ಮ ಕಡತದಲ್ಲಿ ‘ಮಂಜುನಾಥ ಎಚ್.ಎಸ್.’ ಎಂದಿರುವವರು ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿಕೊಂಡು ಮೂರು ಪದಗಳಾಗಿರುತ್ತಾರೆ. ಕೆಲವರ ಪಾಸ್‌ಪೋರ್ಟಿನಲ್ಲಿ ಇಡೀ ಹೆಸರು ಸರ್‌ನೇಮ್ ಜಾಗದಲ್ಲೇ ಕೂತಿರುತ್ತದೆ. ಅಂಥವರ ಅಮೆರಿಕನ್ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಮೊದಲ ಹೆಸರು ತಿಳಿದಿಲ್ಲ ಎಂಬುದಕ್ಕೆ. ಲಂಡನ್ನಿನ ಕಚೇರಿ ತನ್ನ ದಾಖಲೆಯಲ್ಲಿ ಸರ್‌ನೇಮ್ ಹಿಡಿದು ಹುಡುಕಿದರೆ ಇವರು ಸಿಗುವುದೇ ಇಲ್ಲ. ಕಾನ್ಫ್ಲಿಕ್ಟ್, ಅಂದರೆ ಎದುರಾಳಿಯ ಪರ ಕೆಲಸ ಮಾಡಿದ ಅಡ್ಡಿ, ಇಲ್ಲ ಎಂದು ಉತ್ತರ ಬರುತ್ತದೆ, ತಿಂಗಳ ಮೇಲೆ ಇದೆ ಎಂದು ಗೊತ್ತಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆ ಪೂರ್ತಿ ಹೆಸರು, ಇನಿಷಿಯಲ್ ಇರುವ ರೂಪ, ಮದುವೆಗೆ ಮುಂಚಿನ ಹೆಸರು, ಹುಟ್ಟಿದ ವರ್ಷ, ಕಂಪನಿಯಾದರೆ ನೋಂದಣಿ ಸಂಖ್ಯೆ, ಇಷ್ಟನ್ನೂ ಮೊದಲೇ ಕೊಡಬೇಕು.

ಇನ್ನು ಹಣ. ಸ್ನೇಹಗಳು ಹೆಚ್ಚು ಮುರಿಯುವುದು ಇಲ್ಲೇ. ಮುರಿಯುವುದಕ್ಕೆ ಕಾರಣ ದುರಾಸೆಗಿಂತ ನಿಯಮದ ವ್ಯತ್ಯಾಸ.

ದೇಶದ ವಕೀಲರ ವೃತ್ತಿಗೆ ನಿಯಮ ಹಾಕುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಪ್ರಕಾರ, ಅಡ್ವೊಕೇಟ್ ಅಲ್ಲದ ಯಾರ ಜೊತೆಗೂ ನಮ್ಮ ವಕೀಲರು ಸಂಭಾವನೆ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಬೇರೆ ದೇಶದ ವಕೀಲ ನಮ್ಮ ಅಡ್ವೊಕೇಟ್ಸ್ ಕಾಯ್ದೆಯ ಲೆಕ್ಕದಲ್ಲಿ ಅಡ್ವೊಕೇಟ್ ಅಲ್ಲ. ಗೆದ್ದರೆ ಇಷ್ಟು ಪಾಲು ಎಂಬ ಫೀಸೂ ನಿಷಿದ್ಧ. ಅಮೆರಿಕದಲ್ಲಿ ಹಾಗಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾದರಿ ನಿಯಮ 1.5ರ ಪ್ರಕಾರ ಬೇರೆ ಬೇರೆ ಕಚೇರಿಯ ವಕೀಲರು ಫೀಸು ಹಂಚಿಕೊಳ್ಳಬಹುದು. ಅದಕ್ಕೆ ಷರತ್ತುಗಳಿವೆ: ಹಂಚಿಕೆ ಮಾಡಿದ ಕೆಲಸಕ್ಕೆ ತಕ್ಕಂತೆ ಇರಬೇಕು ಅಥವಾ ಇಬ್ಬರೂ ಜಂಟಿಯಾಗಿ ಹೊಣೆ ಹೊರಬೇಕು, ಯಾರಿಗೆ ಎಷ್ಟು ಎಂಬುದಕ್ಕೆ ಕಕ್ಷಿದಾರನ ಒಪ್ಪಿಗೆ ಲಿಖಿತವಾಗಿರಬೇಕು, ಒಟ್ಟು ಫೀಸು ನ್ಯಾಯವಾಗಿರಬೇಕು. ಇಂಗ್ಲೆಂಡಿನಲ್ಲಿ ಕಕ್ಷಿದಾರನಿಗೆ ತಿಳಿಸಿ ರೆಫರಲ್ ಫೀಸು ಪಡೆಯಬಹುದು, ಆದರೆ ಅಪಘಾತ ಪರಿಹಾರದಂಥ ದೇಹಕ್ಕಾದ ಹಾನಿಯ ಕೇಸುಗಳಲ್ಲಿ 2013ರ ಏಪ್ರಿಲ್‌ನಿಂದ ಅದು ನಿಷೇಧ.

ಹಾಗಾಗಿ ಹ್ಯೂಸ್ಟನ್ನಿನ ವಕೀಲರು ‘ನಿಮ್ಮ ಪಾಲು ಎಷ್ಟು?’ ಎಂದು ಕೇಳಿದರೆ ಅವರ ಮಟ್ಟಿಗೆ ಅದು ಮರ್ಯಾದೆಯ ಪ್ರಶ್ನೆಯೇ. ನಮ್ಮವರು ಮುಜುಗರಕ್ಕೆ ಬಿದ್ದು ‘ಆಮೇಲೆ ನೋಡೋಣ ಬಿಡಿ’ ಎನ್ನುತ್ತಾರೆ. ಅಲ್ಲಿ ತಪ್ಪು ಶುರುವಾಗುತ್ತದೆ, ಏಕೆಂದರೆ ಆ ಉತ್ತರವನ್ನು ಅವರು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಸರಿಯಾದ ಉತ್ತರ ಎರಡು ವಾಕ್ಯದ್ದು: ‘ನಮ್ಮ ನಿಯಮದಲ್ಲಿ ಪಾಲು ಇಲ್ಲ. ನಾನು ಮಾಡುವ ಕೆಲಸಕ್ಕೆ ಕಕ್ಷಿದಾರನಿಗೆ ನಾನೇ ಪ್ರತ್ಯೇಕ ಬಿಲ್ ಕೊಡುತ್ತೇನೆ.’ ಭಾರತದ ಕಾನೂನಿನ ಬಗ್ಗೆ ಒಂದು ಅಭಿಪ್ರಾಯ ಪತ್ರ, ಒಂದು ದಾಖಲೆ ಶೋಧ, ಒಂದು ಪ್ರಮಾಣಿತ ನಕಲು, ಏನೇ ಆಗಲಿ ಅದಕ್ಕೊಂದು ಹೆಸರು ಮತ್ತು ಮೊತ್ತ ಇರಬೇಕು.

ಇನ್ನೂ ಮುಖ್ಯವಾದ ಪ್ರಶ್ನೆ: ಕಕ್ಷಿದಾರ ಹಣ ಕೊಡದೆ ಕೈಯೆತ್ತಿದರೆ? ಯುರೋಪಿನ ವಕೀಲರ ಸಂಘಗಳ ಮಂಡಳಿಯಾದ ಸಿಸಿಬಿಇಯ ನಡವಳಿಕೆ ಸಂಹಿತೆಯಲ್ಲಿ ಇದಕ್ಕೆ ನೇರ ಉತ್ತರವಿದೆ. ಒಬ್ಬ ವಕೀಲ ಬೇರೆ ದೇಶದ ವಕೀಲರ ಹೆಸರು ಹೇಳಿ ಕಕ್ಷಿದಾರನಿಗೆ ಪರಿಚಯ ಮಾಡಿಸಿದ್ದಷ್ಟೇ ಆದರೆ ಫೀಸಿಗೆ ಅವನು ಹೊಣೆಯಲ್ಲ. ತಾನೇ ಕೆಲಸ ಒಪ್ಪಿಸಿದರೆ ಅಥವಾ ಸಲಹೆ ಕೇಳಿದರೆ, ಕಕ್ಷಿದಾರ ದಿವಾಳಿಯಾದರೂ ಆ ಫೀಸಿಗೆ ಒಪ್ಪಿಸಿದ ವಕೀಲನೇ ಸ್ವಂತವಾಗಿ ಹೊಣೆ. ಶುರುವಿನಲ್ಲೇ ಬೇರೆ ಮಾತಾಡಿಕೊಂಡಿದ್ದರೆ ಮಾತ್ರ ಬದಲಾವಣೆ. ಮುಂದಿನ ಹೊಣೆ ನನ್ನದಲ್ಲ ಎಂದು ನಡುವೆ ತಿಳಿಸಬಹುದು, ಆದರೆ ತಿಳಿಸುವ ತನಕದ ಖರ್ಚು ಅವನದೇ. ಯುರೋಪಿನ ಒಳಗಿನ ಈ ನಿಯಮ ಬೆಂಗಳೂರಿನವರನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ಪರಿಚಯಕ್ಕೂ ಒಪ್ಪಿಸುವುದಕ್ಕೂ ಗೆರೆ ಎಲ್ಲಿ ಎಂದು ಇಷ್ಟು ಖಡಾಖಂಡಿತವಾಗಿ ಹೇಳುವ ಇನ್ನೊಂದು ನಿಯಮ ನನಗೆ ಕಂಡಿಲ್ಲ. ಫ್ರಾಂಕ್‌ಫರ್ಟಿನ ವಕೀಲರು ನಿಮ್ಮ ಇಮೇಲ್ ಓದುವುದು ಈ ಅಭ್ಯಾಸದ ಕಣ್ಣಿನಿಂದಲೇ. ‘ದಯವಿಟ್ಟು ಈ ಕೆಲಸ ಮುಗಿಸಿಕೊಡಿ’ ಎಂದು ನೀವು ಬರೆದರೆ ಅವರು ಬಿಲ್ಲನ್ನು ನಿಮಗೇ ಕಳಿಸುತ್ತಾರೆ.

ಆದ್ದರಿಂದ ಪರಿಚಯದ ಇಮೇಲ್‌ನಲ್ಲಿ ಕಕ್ಷಿದಾರನನ್ನೂ ಸೇರಿಸಿ ಹೀಗೆ ಬರೆಯುವುದು ಕ್ಷೇಮ: ‘ಇಬ್ಬರಿಗೂ ಪರಿಚಯ ಮಾಡಿಸುತ್ತಿದ್ದೇನೆ. ಕೆಲಸದ ವ್ಯಾಪ್ತಿ, ಫೀಸು, ಷರತ್ತು ನೀವಿಬ್ಬರೇ ನೇರವಾಗಿ ಮಾತಾಡಿಕೊಳ್ಳಿ. ಫೀಸಿಗೆ ನಾನು ಹೊಣೆಯಲ್ಲ. ನಾನು ಇದಕ್ಕೆ ಏನನ್ನೂ ಪಡೆಯುತ್ತಿಲ್ಲ.’ ಕನ್ನಡದಲ್ಲಿ ಓದಿದರೆ ಒರಟು ಎನಿಸಬಹುದು. ನಮ್ಮಲ್ಲಿ ಹಣದ ಮಾತು ಮೊದಲು ಎತ್ತುವುದು ಸೌಜನ್ಯವಲ್ಲ ಎಂಬ ಭಾವನೆ ಇದೆ. ಗಡಿಯಾಚೆಗಿನ ಕೆಲಸದಲ್ಲಿ ಆ ಸಂಕೋಚ ಬಿಡಲೇಬೇಕು.

ಹೆಸರು ಹೇಳುವುದರಲ್ಲಿ ನಮ್ಮ ಹಿರಿಮೆ ಏನೆಂದೂ ಹೇಳಬೇಕು. ಲಂಡನ್ನಿನಲ್ಲಿ ಹೊರದೇಶದ ವಕೀಲರನ್ನು ಹುಡುಕುವವರು ಮೊದಲು ತೆಗೆಯುವುದು ಶ್ರೇಯಾಂಕ ಕೊಡುವ ಡೈರೆಕ್ಟರಿಗಳನ್ನು. ದೊಡ್ಡ ಕಚೇರಿಗಳು ಅದಕ್ಕೆಂದೇ ಸಿಬ್ಬಂದಿ ಇಟ್ಟು ವರ್ಷವರ್ಷ ವಿವರ ಸಲ್ಲಿಸುತ್ತವೆ. ಸಿಟಿ ಸಿವಿಲ್ ಕೋರ್ಟಿನಲ್ಲಿ ಮೂವತ್ತು ವರ್ಷ ವಿಭಾಗ ದಾವೆ ನಡೆಸಿದ ವಕೀಲರ ಹೆಸರು ಅಲ್ಲಿ ಸಿಗದು. ಬೆಂಗಳೂರಿನಲ್ಲಿ ಕೇಳುವ ಪ್ರಶ್ನೆಗಳೇ ಬೇರೆ: ಯಾರ ಆಫೀಸಿನಲ್ಲಿ ಬೆಳೆದವರು? ಕೋರ್ಟಿಗೆ ತಾವೇ ಹೋಗುತ್ತಾರಾ, ಜೂನಿಯರ್ ಕಳಿಸುತ್ತಾರಾ? ಅಡ್ಡಪರೀಕ್ಷೆ ಚೆನ್ನಾಗಿ ಮಾಡುತ್ತಾರಾ? ರಾಜಿ ಮಾಡಿಸುವ ಮನಸ್ಸಿನವರಾ? ಹೈಕೋರ್ಟಿನ ಕಾರಿಡಾರಿನಲ್ಲಿ, ಬಾರ್ ಅಸೋಸಿಯೇಷನ್ ಕ್ಯಾಂಟೀನಿನ ಕಾಫಿಯ ಹೊತ್ತಿನಲ್ಲಿ ಸಿಗುವ ಈ ಉತ್ತರಗಳು ಯಾವ ಡೈರೆಕ್ಟರಿಯಲ್ಲೂ ಅಚ್ಚಾಗುವುದಿಲ್ಲ. ಹೆಸರು ಹೇಳಿದವರು ವಾರದ ಮೇಲೆ ಫೋನ್ ಮಾಡಿ ‘ಏನಾಯ್ತು, ಸಿಕ್ಕಿದರಾ?’ ಎಂದು ವಿಚಾರಿಸುವುದೂ ನಮ್ಮಲ್ಲೇ. ಇದನ್ನು ಬಿಟ್ಟುಕೊಡಬಾರದು.

ಹೊರಗಿನವರು ಇಂಥ ಮೌಖಿಕ ಮಾತನ್ನು ಬೇರೆ ಜಾಗದಲ್ಲಿ ಹುಡುಕುತ್ತಾರೆ. ಲಂಡನ್ನಿನ ನಾಲ್ಕು ಇನ್‌ಗಳಲ್ಲಿ, ಅಂದರೆ ಬ್ಯಾರಿಸ್ಟರುಗಳ ಹಳೆಯ ಸಂಘಗಳಲ್ಲಿ, ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವ ವಕೀಲರು) ಆಗುವವರು ಒಟ್ಟಿಗೆ ಕೂತು ಊಟ ಮಾಡುವುದು ಶತಮಾನಗಳಿಂದ ತರಬೇತಿಯ ಭಾಗ. ಇಂದಿಗೂ ನಿಗದಿತ ಸಂಖ್ಯೆಯ ಕೂಟಗಳಿಗೆ ಹಾಜರಾಗದೆ ಬ್ಯಾರಿಸ್ಟರ್ ಆಗುವ ಕರೆ ಬರುವುದಿಲ್ಲ. ದೇಶದೇಶಗಳ ನಡುವೆ 1947ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಬಾರ್ ಅಸೋಸಿಯೇಷನ್, 1966ರ ಲಾಏಷ್ಯಾ, 1991ರ ಇಂಟರ್-ಪೆಸಿಫಿಕ್ ಬಾರ್ ಅಸೋಸಿಯೇಷನ್ ಇವೆ. ಸಮ್ಮೇಳನದ ಶುಲ್ಕ, ವಿಮಾನ, ಹೋಟೆಲ್ ಸೇರಿಸಿದರೆ ಗಾಂಧಿನಗರದ ಸಣ್ಣ ಆಫೀಸಿಗೆ ಎಟುಕುವ ಮಾತಲ್ಲ. ಹೋಗಬಲ್ಲವರು ಹೋಗಲಿ. ಆದರೆ ಅಲ್ಲಿ ಹಂಚಿದ 200 ಕಾರ್ಡಿಗಿಂತ, ಒಬ್ಬರಿಗೆ ಬರೆದು ಕೊಟ್ಟ ಎರಡು ಪುಟದ ಉತ್ತರ ಹೆಚ್ಚು ದಿನ ನೆನಪಿರುತ್ತದೆ ಎಂಬುದು ನನ್ನ ನಂಬಿಕೆ. ಕಾರ್ಡಿನ ವಿಷಯದಲ್ಲೂ ಎಚ್ಚರ ಬೇಕು. ಬಾರ್ ಕೌನ್ಸಿಲ್ಲಿನ 36ನೇ ನಿಯಮ ಕೆಲಸ ಕೇಳಿಕೊಂಡು ಹೋಗುವುದನ್ನು, ಜಾಹೀರಾತನ್ನು ನೇರವಾಗಿಯೂ ಸುತ್ತುಬಳಸಿಯೂ ನಿಷೇಧಿಸುತ್ತದೆ. 2008ರ ತಿದ್ದುಪಡಿ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ಕೆಲಸದ ಕ್ಷೇತ್ರದಂಥ ವಿವರಗಳಿಗಷ್ಟೇ ಅವಕಾಶ ಕೊಟ್ಟಿದೆ. ಹೊರದೇಶದ ಗೆಳೆಯರು ಪ್ರೀತಿಯಿಂದ ‘ಬೆಂಗಳೂರಿನ ಅತ್ಯುತ್ತಮ ವಕೀಲರು’ ಎಂದು ಲಿಂಕ್ಡ್‌ಇನ್‌ನಲ್ಲಿ ಬರೆದು ಟ್ಯಾಗ್ ಮಾಡಿದರೆ, ಅದನ್ನು ತೆಗೆಸಿಬಿಡುವುದೇ ಜಾಣತನ.

ಬೆಂಗಳೂರಿನ ರೀತಿಯ ಒಂದು ಕೊರತೆ ನನ್ನನ್ನು ಬಹಳ ಕಾಡುತ್ತದೆ. ಹೆಸರುಗಳು ಒಂದೇ ಬ್ಯಾಚು, ಒಂದೇ ಕಾಲೇಜು, ಒಂದೇ ಜಿಲ್ಲೆ, ಒಂದೇ ಸಮುದಾಯದ ಒಳಗೇ ಸುತ್ತುತ್ತವೆ. ಹೆಣ್ಣುಮಕ್ಕಳ ಹೆಸರು ಫ್ಯಾಮಿಲಿ ಕೋರ್ಟಿನ ಕೆಲಸಕ್ಕೆ ಮಾತ್ರ ಬರುತ್ತದೆ, ಮಧ್ಯಸ್ಥಿಕೆಗೆ ಬರುವುದಿಲ್ಲ. ಜಮೀನು ಇರುವುದು ರಾಮನಗರದಲ್ಲೋ ತಿಪಟೂರಿನಲ್ಲೋ ಆದರೂ ಬೆಂಗಳೂರಿನ ಹೆಸರನ್ನೇ ಕೊಡುತ್ತಾರೆ, ಕೊನೆಗೆ ಅವರು ತಾಲ್ಲೂಕಿನ ವಕೀಲರೊಬ್ಬರನ್ನು ಹಿಡಿದು ಕೆಲಸ ಮಾಡಿಸುತ್ತಾರೆ. ಕಕ್ಷಿದಾರ ಎರಡು ಫೀಸು ತೆರುತ್ತಾನೆ. ಹೆಸರು ಕೇಳಿದಾಗ ಯಾವತ್ತೂ ಮೂರು ಕೊಡಿ, ಅದರಲ್ಲಿ ಒಂದಾದರೂ ನಿಮ್ಮ ಬಳಗದ ಹೊರಗಿನದಾಗಿರಲಿ. ಮೂರು ಹೆಸರು ಕೊಟ್ಟಾಗ ಆಯ್ಕೆ ಕಕ್ಷಿದಾರನದಾಗುತ್ತದೆ, ಮುಂದೆ ಕೆಲಸ ಕೆಟ್ಟರೂ ನಿಮ್ಮ ಮೇಲೆ ಬರುವ ಮಾತು ಕಡಿಮೆ.

ಹೆಸರಿನ ಜೊತೆ ಗುಮಾಸ್ತರ ನಂಬರನ್ನೂ ಕೊಡಬೇಕು ಎನ್ನುವವನು ನಾನು. ಲಂಡನ್ನಿನ ಬ್ಯಾರಿಸ್ಟರ್ ಛೇಂಬರಿನಲ್ಲಿ ಕ್ಲರ್ಕ್ ಎಂದರೆ ಮುಖ್ಯ ವ್ಯಕ್ತಿ. ಬ್ಯಾರಿಸ್ಟರ್ ಯಾವ ದಿನ ಖಾಲಿ, ಫೀಸು ಎಷ್ಟು, ಇವರಿಗೆ ಆಗದಿದ್ದರೆ ಇನ್ಯಾರು ಎಂಬುದನ್ನೆಲ್ಲ ಮಾತಾಡುವವರು ಅವರೇ. ಹೊರಗಿನವರು ಮೊದಲು ಫೋನ್ ಮಾಡುವುದೂ ಅವರಿಗೇ. ನಮ್ಮ ಗುಮಾಸ್ತರು ಫೀಸು ಮಾತಾಡುವುದಿಲ್ಲ, ಆದರೆ ಫೈಲಿಂಗ್ ಕೌಂಟರಿನಲ್ಲಿ ಎತ್ತಿದ ಆಫೀಸ್ ಆಬ್ಜೆಕ್ಷನ್ (ಅರ್ಜಿಯಲ್ಲಿ ಕೋರ್ಟು ಕಚೇರಿ ತೋರಿಸಿದ ಕೊರತೆ) ಏನು, ನಕಲು ಅರ್ಜಿ ಎಲ್ಲಿ ನಿಂತಿದೆ, ಯಾವ ಪುಟದ ಸಹಿ ಬಿಟ್ಟುಹೋಗಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಸೀನಿಯರಿಗೆ ಗೊತ್ತಿರುವುದಿಲ್ಲ. ಹೊರದೇಶದ ಕಚೇರಿಯವರು ಸೀನಿಯರಿಗೆ ಹತ್ತು ಇಮೇಲ್ ಹಾಕಿ ಉತ್ತರವಿಲ್ಲದೆ ಕಾಯುವ ವಿಷಯ ಗುಮಾಸ್ತರಿಗೆ ಒಂದು ಫೋನಿನಲ್ಲಿ ಇತ್ಯರ್ಥವಾಗುತ್ತದೆ. ಇವರ ಹೆಸರು ಯಾವ ಪರಿಚಯದ ಪತ್ರದಲ್ಲೂ ಇರುವುದಿಲ್ಲ.

ಫೋನಿನ ಹೊತ್ತಿನ ಬಗ್ಗೆ ಒಂದು ಮಾತು. ಲಂಡನ್ನಿಗೂ ಬೆಂಗಳೂರಿಗೂ ಚಳಿಗಾಲದಲ್ಲಿ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಅಂತರ. ನ್ಯೂಯಾರ್ಕಿಗೆ ಹತ್ತೂವರೆ, ಒಂಬತ್ತೂವರೆ. ಬ್ರಿಟನ್ ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಅಮೆರಿಕ ತಿರುಗಿಸುವುದು ಮಾರ್ಚ್ ಎರಡನೇ ಭಾನುವಾರ, ನವೆಂಬರ್ ಮೊದಲ ಭಾನುವಾರ. ಮೂರೂ ಊರಿನವರು ಸೇರುವ ಕರೆಗಳು ತಪ್ಪಿಹೋಗುವುದು ಈ ನಡುವಿನ ವಾರಗಳಲ್ಲೇ. ಮೂವರಿಗೂ ಆಗುವ ಹೊತ್ತು ಬೆಂಗಳೂರಿನ ಸಂಜೆ ಆರೂವರೆಯಿಂದ ಎಂಟೂವರೆ. ಅಷ್ಟರಲ್ಲಿ ನಮ್ಮವರ ಕೋರ್ಟು ಮುಗಿದಿರುತ್ತದೆ, ಕಡತ ಮುಂದಿರುತ್ತದೆ.

ಈ ಸ್ನೇಹಜಾಲದ ನಿಜವಾದ ಬೆಲೆ ತಿಳಿಯುವುದು ಕಾಗದಪತ್ರದಲ್ಲಿ. ಲಂಡನ್ನಿನಲ್ಲಿರುವ ಮಗಳು ಬೆಂಗಳೂರಿನ ನಿವೇಶನದ ನೋಂದಣಿಗೆ ಅಧಿಕಾರಪತ್ರ ಕಳಿಸಬೇಕು ಎಂದುಕೊಳ್ಳಿ. ನೋಂದಣಿ ಕಾಯ್ದೆಯ 33ನೇ ಕಲಂ ಪ್ರಕಾರ ಭಾರತದ ಹೊರಗಿರುವವರು ಅದಕ್ಕೆ ಸಹಿ ಹಾಕಬೇಕಾದ್ದು ನೋಟರಿ ಪಬ್ಲಿಕ್, ನ್ಯಾಯಾಧೀಶರು, ಭಾರತದ ಕಾನ್ಸುಲ್ ಮುಂತಾದವರ ಎದುರು, ಮತ್ತು ಅವರು ದೃಢೀಕರಿಸಬೇಕು. ಇಂಗ್ಲೆಂಡಿನಲ್ಲಿ ನೋಟರಿಗಳು ಪ್ರತ್ಯೇಕ ವರ್ಗ, ಸಂಖ್ಯೆಯೂ ಕಡಿಮೆ. ನಮ್ಮಲ್ಲಿ ಕೋರ್ಟಿನ ಗೇಟಿನ ಬಳಿಯೇ ನೋಟರಿ ಸಿಗುವುದರಿಂದ ಅಲ್ಲಿಯೂ ಹಾಗೆಯೇ ಎಂದುಕೊಂಡು ಪಕ್ಕದ ಬೀದಿಯ ಸಾಲಿಸಿಟರ್ ಸಹಿ ಮಾಡಿಸಿ ಕಳಿಸುತ್ತಾರೆ. ಸಾಲಿಸಿಟರ್ ಸಹಿಗೂ ಬ್ರಿಟನ್ನಿನ ವಿದೇಶಾಂಗ ಕಚೇರಿ ಅಪೊಸ್ಟೀಲ್, ಅಂದರೆ ಸಹಿ ಅಸಲಿ ಎಂದು ಹೊರದೇಶಕ್ಕೆ ಹೇಳುವ ಸರ್ಕಾರಿ ಚೀಟಿ, ಅಂಟಿಸಿಕೊಡುತ್ತದೆ. ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ, ಸಬ್ ರಿಜಿಸ್ಟ್ರಾರ್ ಮುಂದೆ ಬಿದ್ದುಹೋಗುತ್ತದೆ. ಪತ್ರ ಕರ್ನಾಟಕಕ್ಕೆ ಬಂದ ದಿನದಿಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ, ಬಂದ ದಿನಕ್ಕೆ ಅದೇ ಸಾಕ್ಷಿ.

ಅಪೊಸ್ಟೀಲ್ ಕೂಡ ಎಲ್ಲ ಕಡೆ ನಡೆಯುವ ನಾಣ್ಯವಲ್ಲ. ಭಾರತಕ್ಕೆ ಹೇಗ್‌ನ ಅಪೊಸ್ಟೀಲ್ ಒಪ್ಪಂದ ಅನ್ವಯವಾದದ್ದು 2005ರ ಜುಲೈ 14ರಿಂದ. ಆದರೆ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪಣೆ ಸಲ್ಲಿಸಿದ್ದರಿಂದ ಈ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ಕೆನಡಾಕ್ಕೆ ಅದು ಅನ್ವಯವಾದದ್ದು 2024ರ ಜನವರಿಯಲ್ಲಿ, ಹಾಗಾಗಿ ಅದಕ್ಕೆ ಮುಂಚಿನ ಸಲಹೆ ಹಿಡಿದು ಕೂತವರು ಇಂದಿಗೂ ಸುಮ್ಮನೆ ರಾಯಭಾರ ಕಚೇರಿ ಅಲೆಯುತ್ತಾರೆ. ದುಬೈಗೆ ಹೋಗುವ ಕಾಗದಕ್ಕೆ ನೋಟರಿ, ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ ಎಂಬ ಸರಪಳಿ, ಜೊತೆಗೆ ಅರಬ್ಬಿ ಅನುವಾದ. ಸಹಿ ಹಾಕಿಸುವ ಮೊದಲು ಆ ದೇಶದ ಗೆಳೆಯರಿಗೆ ಕರಡು ತೋರಿಸಿ ‘ಇದು ನಿಮ್ಮ ಕೌಂಟರಿನಲ್ಲಿ ನಡೆಯುತ್ತದಾ?’ ಎಂದು ಕೇಳುವ ಐದು ನಿಮಿಷ ಎರಡು ತಿಂಗಳನ್ನು ಉಳಿಸುತ್ತದೆ.

ಸಮನ್ಸ್ ಜಾರಿಯಲ್ಲಿ, ಅಂದರೆ ಕೋರ್ಟಿನ ಕಾಗದವನ್ನು ಎದುರಾಳಿಗೆ ತಲುಪಿಸುವುದರಲ್ಲಿ, ಇನ್ನೂ ದೊಡ್ಡ ಎಡವಟ್ಟು. ಹೇಗ್‌ನ 1965ರ ಜಾರಿ ಒಪ್ಪಂದ ಭಾರತಕ್ಕೆ 2007ರ ಆಗಸ್ಟ್ 1ರಿಂದ ಅನ್ವಯ. ಅಂಚೆಯ ಮೂಲಕ ನೇರ ಜಾರಿಗೆ ಭಾರತ ಆಕ್ಷೇಪಿಸಿದೆ. ಹೊರದೇಶದ ಕೋರ್ಟಿನ ಕಾಗದ ಕೇಂದ್ರ ಕಾನೂನು ಸಚಿವಾಲಯಕ್ಕೆ ಬಂದು, ಅಲ್ಲಿಂದ ಜಿಲ್ಲಾ ಕೋರ್ಟಿಗೆ ಇಳಿದು, ಅದನ್ನು ತಲುಪಿಸುವ ಕೋರ್ಟು ಸಿಬ್ಬಂದಿಯಾದ ಅಮೀನರ ಕೈ ಸೇರಬೇಕು. ತಿಂಗಳುಗಳೇ ಹಿಡಿಯುತ್ತವೆ. ಅವಸರಕ್ಕೆ ಬಿದ್ದು ಅಮೆರಿಕದ ವಕೀಲರು ‘ನಿಮ್ಮ ಜೂನಿಯರ್ ಕೈಲಿ ಕೊಟ್ಟುಬಿಡಿ, ಒಂದು ಅಫಿಡವಿಟ್ ಕಳಿಸಿ’ ಎನ್ನುತ್ತಾರೆ. ಒಪ್ಪಬೇಡಿ. ನಾಳೆ ಆ ತೀರ್ಪನ್ನು ಬೆಂಗಳೂರಿನಲ್ಲಿ ಜಾರಿ ಮಾಡಿಸಲು ಬಂದಾಗ ಎದುರಾಳಿ ಮೊದಲು ಎತ್ತುವ ತಕರಾರು ಅದೇ. ನಿಜವಾಗಿ ಮಾಡಬಹುದಾದ ಉಪಕಾರ ವಿಳಾಸ ಸರಿಪಡಿಸಿಕೊಡುವುದು. ನಮ್ಮ ವಿಳಾಸದಲ್ಲಿ 8ನೇ ಮೇನ್, 3ನೇ ಕ್ರಾಸ್, 2ನೇ ಹಂತ ಮೂರೂ ಬೇಕು. ಹೊರದೇಶದ ಗುಮಾಸ್ತರು ಎರಡು ರಸ್ತೆ ಹೆಸರು ಏಕೆಂದು ಒಂದನ್ನು ಹೊಡೆದುಹಾಕುತ್ತಾರೆ. ಆರು ತಿಂಗಳು ಸುತ್ತಿದ ಕಾಗದ ವಿಳಾಸದಾರರು ಸಿಗಲಿಲ್ಲ ಎಂಬ ಷರಾ ಹೊತ್ತು ಮರಳುತ್ತದೆ. ಹಳೆಯ ನಂಬರು, ಹೊಸ ನಂಬರು, ಪಕ್ಕದ ದೇವಸ್ಥಾನ ಅಥವಾ ಶಾಲೆ, ಪಿನ್‌ಕೋಡ್ ಬರೆದುಕೊಡಿ.

ಡಿಕ್ರಿಯ, ಅಂದರೆ ಕೋರ್ಟಿನ ತೀರ್ಮಾನದ ಆದೇಶದ, ಕಥೆಯೂ ಇಂಥದೇ. ಬ್ರಿಟನ್, ಸಿಂಗಪುರ, 2020ರ ಜನವರಿ 17ರ ಅಧಿಸೂಚನೆಯಿಂದ ಯುಎಇ, ಇವು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 44ಎ ಕಲಂ ಕೆಳಗೆ ಬರುವ ದೇಶಗಳು. ಹಣದ ಡಿಕ್ರಿಯ ಪ್ರಮಾಣಿತ ನಕಲು, ಎಷ್ಟು ವಸೂಲಾಗಿದೆ ಎಂಬ ಆ ಕೋರ್ಟಿನ ಪ್ರಮಾಣಪತ್ರ ತಂದರೆ ನೇರವಾಗಿ ಅಮಲ್ಜಾರಿ ಅರ್ಜಿ ಹಾಕಬಹುದು. ಅಮೆರಿಕ ಈ ಪಟ್ಟಿಯಲ್ಲಿ ಇಲ್ಲ. ಅಲ್ಲಿನ ತೀರ್ಪಿನ ಮೇಲೆ 3 ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು. ಬ್ರಿಟನ್ನಿನದರಲ್ಲೂ ಅಧಿಸೂಚನೆಯಲ್ಲಿ ಹೆಸರಿಸಿದ ಮೇಲಿನ ಕೋರ್ಟುಗಳ ಡಿಕ್ರಿಗೆ ಮಾತ್ರ ಈ ಸೌಲಭ್ಯ. ಇಂಗ್ಲೆಂಡಿನಲ್ಲಿ 1 ಲಕ್ಷ ಪೌಂಡಿನವರೆಗಿನ ಹಣದ ದಾವೆ ಸಾಮಾನ್ಯವಾಗಿ ಕೌಂಟಿ ಕೋರ್ಟಿಗೆ ಹೋಗುತ್ತದೆ, ಕೌಂಟಿ ಕೋರ್ಟು ಆ ಪಟ್ಟಿಯದಲ್ಲ. ದಾವೆ ಹೂಡುವ ಮೊದಲೇ ಬೆಂಗಳೂರಿನ ವಕೀಲರನ್ನು ಕೇಳಿದ್ದರೆ ದಾರಿ ಬೇರೆ ಹಿಡಿಯಬಹುದಿತ್ತು. ಗೆದ್ದ ಮೇಲೆ ಕೇಳಿದರೆ ತಡವಾಗಿರುತ್ತದೆ. ಕಾಲಮಿತಿಯಲ್ಲಿಯೂ ಹಾಗೆ. ಡಿಕ್ರಿ ಅಮಲಿಗೆ ಭಾರತದಲ್ಲಿ 12 ವರ್ಷ ಇದೆಯಲ್ಲ ಎಂದು ಕೂತವರಿಗೆ 2020ರ ಬ್ಯಾಂಕ್ ಆಫ್ ಬರೋಡಾ ಮತ್ತು ಕೋಟಕ್ ಮಹೀಂದ್ರ ಬ್ಯಾಂಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಡಿಕ್ರಿ ಕೊಟ್ಟ ದೇಶದ ಕಾಲಮಿತಿಯೇ ಲೆಕ್ಕಕ್ಕೆ ಎಂದು.

ಗೆಳೆತನದಲ್ಲಿ ಬೆಂಗಳೂರಿಗೆ ಬರುವ ಹೊರದೇಶದ ವಕೀಲರಿಗೂ ಗೆರೆ ಇದೆ. 2018ರ ಎ.ಕೆ. ಬಾಲಾಜಿ ಪ್ರಕರಣದ ತೀರ್ಪಿನ ಪ್ರಕಾರ ತಮ್ಮ ದೇಶದ ಕಾನೂನಿನ ಬಗ್ಗೆ ಸಲಹೆ ಕೊಡಲು ಅವರು ಆಗಾಗ ಬಂದು ಹೋಗಬಹುದು, ಇಲ್ಲೇ ನೆಲೆಯೂರಿ ವೃತ್ತಿ ಮಾಡುವಂತಿಲ್ಲ, ನಮ್ಮ ಕೋರ್ಟಿನಲ್ಲಿ ನಿಲ್ಲುವಂತೆಯೂ ಇಲ್ಲ. ಬಾರ್ ಕೌನ್ಸಿಲ್ಲಿನ 2023ರ ನಿಯಮಗಳು ನೋಂದಣಿಯ ದಾರಿ ತೆರೆದಿವೆ, ಬಂದುಹೋಗುವವರಿಗೆ 12 ತಿಂಗಳಲ್ಲಿ 60 ದಿನದ ಮಿತಿ ಹಾಕಿವೆ. ಇಂಗ್ಲೆಂಡಿನಲ್ಲಿ ಕಾನೂನು ಸೇವೆಗಳ 2007ರ ಕಾಯ್ದೆ ಕೋರ್ಟಿನಲ್ಲಿ ವಾದ, ದಾವೆ ನಡೆಸುವುದು, ನೋಟರಿ ಕೆಲಸ ಮುಂತಾದ ಆರು ಬಗೆಯ ಕೆಲಸಗಳನ್ನಷ್ಟೇ ಅಲ್ಲಿನ ಅನುಮತಿ ಇರುವವರಿಗೆ ಕಾಯ್ದಿರಿಸಿದೆ. ಭಾರತದ ಕಾನೂನಿನ ಬಗ್ಗೆ ಬೆಂಗಳೂರಿನ ವಕೀಲರು ಲಂಡನ್ನಿನಲ್ಲಿ ಕೂತು ಸಲಹೆ ಕೊಡುವುದಕ್ಕೆ ಆ ಕಾಯ್ದೆಯ ಅಡ್ಡಿ ಇಲ್ಲ.

ಕೊನೆಗೆ, ಸಂಬಂಧ ಮುರಿದಾಗ ಏನಾಗುತ್ತದೆ ಎಂಬುದು. ಹೊರದೇಶದಲ್ಲಿರುವ ಕಕ್ಷಿದಾರ ಬೆಂಗಳೂರಿನ ವಕೀಲರನ್ನು ಬದಲಿಸಬೇಕೆಂದರೆ ಹಳೆಯ ವಕೀಲರ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಬೇಕು. ಕೊಡದಿದ್ದರೆ ಹೊಸಬರು ಕಾರಣ ತಿಳಿಸಿ ಕೋರ್ಟಿನ ಅನುಮತಿ ಪಡೆದು ವಕಾಲತ್ತು ಹಾಕಬೇಕು. ಫೀಸು ಬಾಕಿ ಇದೆ ಎಂದು ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ನಮ್ಮ ವಕೀಲರಿಗೆ ಇಲ್ಲವೆಂದು 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಂಗ್ಲೆಂಡಿನ ಸಾಲಿಸಿಟರಿಗೆ ಆ ಹಕ್ಕು ಉಂಟು. ಹಾಗಾಗಿ ಇತ್ತಲಿಂದ ಅತ್ತ ಒಪ್ಪಿಸುವಾಗ ಮೂಲ ಕ್ರಯಪತ್ರ, ಮೂಲ ವಿವಾಹ ಪ್ರಮಾಣಪತ್ರಗಳನ್ನು ಕಳಿಸಬಾರದು, ಕೇಳಿದರೆ ಪ್ರಮಾಣಿತ ನಕಲು ಕಳಿಸಿ ಮೂಲವನ್ನು ಇಲ್ಲೇ ಇಡಿ. ಅತ್ತಲಿಂದ ಇತ್ತ ಬಂದ ಕಡತದಲ್ಲಿ ಏನೇನು ಬಂತು ಎಂಬ ಪಟ್ಟಿಗೆ ಬಂದ ದಿನವೇ ಸಹಿ ಹಾಕಿ ಕಳಿಸಿ. ಎನ್‌ಓಸಿ ಮಾತ್ರ ಲಂಡನ್ನಿನಿಂದ ಎಷ್ಟು ಪತ್ರ ಬರೆದರೂ ಬೇಗ ಬರುವುದಿಲ್ಲ. ಮೊದಲು ಹೆಸರು ಹೇಳಿ ಪರಿಚಯ ಮಾಡಿಸಿದವರು ಫೋನ್ ಎತ್ತಿ ‘ಸಾರ್, ಬಾಕಿ ಎಷ್ಟಿದೆ ಹೇಳಿ, ಕೊಡಿಸ್ತೀನಿ, ಎನ್‌ಓಸಿಗೆ ಒಂದು ಸಹಿ ಹಾಕಿಬಿಡಿ’ ಎಂದರೆ, ಸಂಜೆಯೊಳಗೆ ಗುಮಾಸ್ತರು ಅದನ್ನು ತಂದು ಟೇಬಲ್ಲಿನ ಮೇಲೆ ಇಟ್ಟಿರುತ್ತಾರೆ.